ಪಿಎಸ್‌ಐ ಸಂಬಳವನ್ನು ಅಪರಾಧಶಾಸ್ತ್ರದ ಖಾತೆಗೆ ಬರೆಯಬೇಡಿ

ದ್ವಿತೀಯ ಪಿಯು ಫಲಿತಾಂಶ ಬಂದ ಮಾರನೆಯ ವಾರದಿಂದ ತುಮಕೂರಿನ ನಮ್ಮಂಥ ತೆರಿಗೆ ಸಲಹೆಗಾರರ ಕಚೇರಿಗಳಿಗೆ ಶಿಕ್ಷಣ ಸಾಲದ ಕಡತ ಹಿಡಿದ ತಂದೆತಾಯಂದಿರು ಬರತೊಡಗುತ್ತಾರೆ. ಬ್ಯಾಂಕಿನವರು ಕೇಳಿದ ರಿಟರ್ನ್‌ಗಳನ್ನು ಹೊಂದಿಸಿಕೊಡುವುದಷ್ಟೇ ನಮ್ಮ ಕೆಲಸವಾದರೂ, ಎದುರಿಗೆ ಕುಳಿತವರು ಯಾವ ಕೋರ್ಸಿಗೆ ಎಷ್ಟು ಸಾಲ ಮಾಡುತ್ತಿದ್ದಾರೆಂದು ಕೇಳದೆ ಇರಲಾಗುವುದಿಲ್ಲ. ಈಚೆಗೆ ಆ ಕಡತಗಳಲ್ಲಿ ಎಂಜಿನಿಯರಿಂಗ್, ನರ್ಸಿಂಗ್ ಜೊತೆಗೆ ಅಪರಾಧಶಾಸ್ತ್ರದ ಪದವಿಯೂ ಕಾಣಿಸಿಕೊಳ್ಳುತ್ತಿದೆ. ವಿಷಯ ಒಳ್ಳೆಯದೇ. ನನ್ನ ತಕರಾರಿರುವುದು ಅದರ ಆದಾಯವನ್ನು ಲೆಕ್ಕ ಹಾಕುವ ರೀತಿಯ ಬಗ್ಗೆ.

ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ತಂದಿದ್ದ ಖಾಸಗಿ ಕಾಲೇಜಿನ ಕರಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಗುಣಾಕಾರವಿತ್ತು: 70,850 ಇಂಟು 12. ಕೆಳಗೆ ಎರಡು ಗೆರೆ ಎಳೆದು 8,50,200 ಎಂದು ಬರೆದು ಸುತ್ತ ವೃತ್ತ ಹಾಕಿದ್ದರು. ಮಗ ಪಿಎಸ್‌ಐ ಆದ ಮೊದಲನೆಯ ವರ್ಷದಲ್ಲೇ ಸಾಲ ಚುಕ್ತಾ ಆಗಿ ಮೇಲೊಂದಿಷ್ಟು ಉಳಿಯುತ್ತದೆ ಎಂಬುದು ಅವರ ಲೆಕ್ಕ. 2018ರ ಪರಿಷ್ಕರಣೆಯಲ್ಲಿ ಪಿಎಸ್‌ಐ ವೇತನ ಶ್ರೇಣಿ 37,900ರಿಂದ 70,850 ರೂಪಾಯಿ ಇತ್ತು. ಮೇಲಿನ ಅಂಕಿ ತಲುಪಲು ವರ್ಷಗಟ್ಟಲೆ ಇನ್‌ಕ್ರಿಮೆಂಟ್ ಬೇಕು. ಏಳನೇ ವೇತನ ಆಯೋಗದಂತೆ 2024ರ ಆಗಸ್ಟ್ 1ರಿಂದ ಸಂಬಳಗಳು ಏರಿವೆಯಾದ್ದರಿಂದ ಈ ತಪ್ಪನ್ನು ಕ್ಷಮಿಸಬಹುದು. ಕ್ಷಮಿಸಲಾಗದ ತಪ್ಪು ಬೇರೆಯೇ ಇದೆ.

ಪಿಎಸ್‌ಐ ಹುದ್ದೆಗೆ ಬೇಕಾದದ್ದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದಾದರೂ ಒಂದು ಪದವಿ. ನಮ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ ಓದಿದವನೂ, ಬಿಕಾಂ ಮಾಡಿದವಳೂ ಅದೇ ಪರೀಕ್ಷೆ ಬರೆದು, ಅದೇ ಮೈದಾನದಲ್ಲಿ ಓಡಿ, ಅದೇ ಸಂಬಳಕ್ಕೆ ಸೇರುತ್ತಾರೆ. ಸಿವಿಲ್ ಕಾನ್‌ಸ್ಟೆಬಲ್ ಆಗಲು ಪಿಯುಸಿಯೇ ಸಾಕು. ಹೀಗಿರುವಾಗ ಪಿಎಸ್‌ಐ ಸಂಬಳ ಅಪರಾಧಶಾಸ್ತ್ರ ಪದವಿಯ ಆದಾಯವಾಗುವುದು ಹೇಗೆ? ಆ ಪದವಿ ಇಲ್ಲದಿದ್ದರೂ ಬರಬಹುದಾಗಿದ್ದ ಹಣವನ್ನು ಅದರ ಜಮೆಗೆ ಬರೆಯುವಂತಿಲ್ಲ. ತೆಂಗಿನ ತೋಟದ ನಡುವೆ ಬಾಳೆ ಹಾಕಿದ ರೈತ ಬಾಳೆಯ ಲಾಭ ಎಣಿಸುವಾಗ ಕಾಯಿ ಮಾರಿದ ದುಡ್ಡನ್ನು ಅದಕ್ಕೆ ಸೇರಿಸುವುದಿಲ್ಲ ಎಂದಾಗ ಆ ವ್ಯಾಪಾರಿ ತಲೆಯಾಡಿಸಿದರು; ಎರಡು ನಿಮಿಷ ಬಿಟ್ಟು, ‘ಆದರೂ ಪೊಲೀಸ್ ಕೆಲಸಕ್ಕೆ ಪೊಲೀಸ್ ಓದೇ ಒಳ್ಳೇದಲ್ವಾ ಸಾರ್’ ಎಂದರು. ಬಹುತೇಕ ಎಲ್ಲರೂ ಹೀಗೆಯೇ ಒಪ್ಪಿಕೊಂಡು ಮತ್ತೆ ಅಲ್ಲಿಗೇ ಮರಳುತ್ತಾರೆ. ಆದ್ದರಿಂದ ಇನ್ನೊಮ್ಮೆ ಅಂಕಿಗಳಲ್ಲೇ ಹೇಳುತ್ತೇನೆ.

ಖಾಸಗಿ ಸಂಸ್ಥೆಯೊಂದರಲ್ಲಿ ಶುಲ್ಕ, ಹಾಸ್ಟೆಲ್ ಸೇರಿ ವರ್ಷಕ್ಕೆ 2 ಲಕ್ಷ ಎಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ನಿಮ್ಮ ಕಾಲೇಜಿನದು ಬೇರೆ ಇರಬಹುದು. ಮೂರು ವರ್ಷಕ್ಕೆ 6 ಲಕ್ಷ, ಅಷ್ಟೂ ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿಯಲ್ಲೂ ಆನಂತರದ ಒಂದು ವರ್ಷವೂ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಶೇ 10ರ ದರದಲ್ಲಿ, ಪ್ರತಿ ವರ್ಷದ ಆರಂಭದಲ್ಲಿ 2 ಲಕ್ಷ ಬಿಡುಗಡೆಯಾದರೆ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1.8 ಲಕ್ಷವಾಗಿ ಸಾಲ 7.8 ಲಕ್ಷಕ್ಕೆ ನಿಲ್ಲುತ್ತದೆ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 12,950 ರೂಪಾಯಿ. ಊರಿನಲ್ಲೇ ಬಿಎ ಓದಿದರೆ ಬಸ್ ಪಾಸು, ಪುಸ್ತಕ ಎಲ್ಲ ಸೇರಿ ಮೂರು ವರ್ಷಕ್ಕೆ 1.2 ಲಕ್ಷ ಎಂದು ಧಾರಾಳವಾಗಿಯೇ ಹಿಡಿಯಿರಿ. ವ್ಯತ್ಯಾಸ 6.6 ಲಕ್ಷ. ಸಾಮಾನ್ಯ ಪದವೀಧರನಿಗಿಂತ ಅಪರಾಧಶಾಸ್ತ್ರದವನಿಗೆ ತಿಂಗಳಿಗೆ 3,000 ರೂಪಾಯಿ ಹೆಚ್ಚು ಸಂಬಳ ಸಿಕ್ಕರೂ ಆ ವ್ಯತ್ಯಾಸ ತುಂಬಲು ಹದಿನೆಂಟು ವರ್ಷ ದಾಟುತ್ತದೆ, ಅದೂ ಕಂತಿನ ಅವಧಿಯ ಬಡ್ಡಿಯನ್ನು ಬಿಟ್ಟು. ಇಬ್ಬರೂ ಪಿಎಸ್‌ಐ ಆದರೆ ಆ 3,000 ಕೂಡ ಇಲ್ಲ. ಆಗ ಅದು ಎಂದೂ ತುಂಬುವುದಿಲ್ಲ.

ಕಾಯುವ ಕಾಲವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ತಪ್ಪೇನೂ ಮಾಡದ ಅಭ್ಯರ್ಥಿಗಳೂ ಅಷ್ಟು ಕಾಲ ಕಾದರು. ಬ್ಯಾಂಕಿನ ಬಿಡುವು ಓದು ಮುಗಿದ ಮೇಲೆ ಒಂದೇ ವರ್ಷ. ನೇಮಕಾತಿ ತಡವಾಯಿತೆಂದು ಕಂತು ತಾನಾಗಿ ನಿಲ್ಲುವುದಿಲ್ಲ. ಶಿರಾ ಕಡೆಯ ಹುಡುಗನೊಬ್ಬ ಧಾರವಾಡದಲ್ಲಿ ಕೋಚಿಂಗ್‌ನ ಕೋಣೆಯಲ್ಲಿ ಕುಳಿತು ಓದುತ್ತಿದ್ದಾಗ ಅವನ ತಾಯಿ ಹಸು ಮಾರಿ ಮೂರು ಕಂತು ಕಟ್ಟಿದ್ದನ್ನು ನಾನು ಬಲ್ಲೆ. ಒಳ್ಳೆಯ ಹುಡುಗ, ಫೋನ್ ಮಾಡಿದಾಗಲೆಲ್ಲ ಮೊದಲು ಕಂತಿನ ವಿಷಯವನ್ನೇ ಕೇಳುತ್ತಿದ್ದ.

ಶಿಕ್ಷಣ ಸಾಲಕ್ಕೆ ಆದಾಯ ತೆರಿಗೆ ವಿನಾಯಿತಿ (1961ರ ಕಾಯ್ದೆಯ ‘80ಇ’) ಇದೆಯಲ್ಲ ಎನ್ನುವವರಿಗೆ ಎರಡೇ ಮಾತು. ಅದು ಸಿಗುವುದು ಬಡ್ಡಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. ತೆರಿಗೆಯನ್ನೇ ಕಟ್ಟದ ರೈತನಿಗೆ ವಿನಾಯಿತಿಯಿಂದ ಆಗುವ ಲಾಭ ಸೊನ್ನೆ.

ಕರಪತ್ರಗಳಲ್ಲಿ ಈಗ ಹೊಸದೊಂದು ಸಾಲು ಸೇರಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನಂತೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ (ಫೊರೆನ್ಸಿಕ್) ತಜ್ಞರು ಹೋಗಬೇಕು. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಜಾರಿಗೊಳಿಸಬೇಕು. ನಿಜವೇ, ಹುದ್ದೆಗಳು ಹೆಚ್ಚುವ ಸಂಭವವೂ ಇದೆ. ಆದರೆ ಅಲ್ಲಿ ಕೇಳುವುದು ರಕ್ತದ ಕಲೆ, ವಿಷ, ಬೆರಳಚ್ಚು ಪರೀಕ್ಷಿಸಬಲ್ಲವರನ್ನು, ಅಂದರೆ ಸಾಮಾನ್ಯವಾಗಿ ವಿಜ್ಞಾನ ಓದಿದವರನ್ನು. ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಬಿಎ ಅಪರಾಧಶಾಸ್ತ್ರ ಮಾಡಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ಕನಸು ಕಾಣುವ ಮಕ್ಕಳನ್ನು ಕಂಡರೆ ಬೇಸರವಾಗುತ್ತದೆ. ಸಿಟ್ಟು ಬರುವುದು ಅವರಿಗೆ ಹಾಗೆ ಹೇಳಿ ಸೇರಿಸಿಕೊಂಡವರ ಮೇಲೆ. ಹಳೆಯ ನೇಮಕಾತಿ ಅಧಿಸೂಚನೆಯೊಂದನ್ನು ತೆರೆದು ವಿದ್ಯಾರ್ಹತೆಯ ಸಾಲನ್ನು ಓದಿದರೆ ಇದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಹಾಗೆಂದು ಈ ಓದಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಂಥ ಸರ್ಕಾರಿ ವ್ಯವಸ್ಥೆಯಲ್ಲಿ ಬಿಎ ವಿಷಯವಾಗಿ ಇದು ಸಿಕ್ಕರೆ ಖರ್ಚಿನ ಭಾಗ ಬಹಳ ಇಳಿಯುವುದರಿಂದ ನನ್ನ ಆಕ್ಷೇಪವೂ ಅಷ್ಟೇ ಇಳಿಯುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವಿದೆ, ಕಾಲೇಜು ಅಧ್ಯಾಪಕರಾಗುವ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಇದೊಂದು ಸ್ವತಂತ್ರ ವಿಷಯವಾಗಿದೆ. ಆದರೆ ಇದನ್ನು ಕಲಿಸುವ ಕಾಲೇಜುಗಳು ಕಡಿಮೆ ಎಂಬುದನ್ನು ಮರೆಯಬಾರದು. ಮಕ್ಕಳ ರಕ್ಷಣಾ ಘಟಕಗಳಲ್ಲಿ ಕೆಲಸವಿದೆಯಲ್ಲ ಎನ್ನುವವರು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ರಕ್ಷಣಾಧಿಕಾರಿಯ ಸಂಭಾವನೆ ತಿಂಗಳಿಗೆ 27,804 ರೂಪಾಯಿ ಎಂಬುದನ್ನೂ, ಅದು ಗುತ್ತಿಗೆ ಹುದ್ದೆ ಎಂಬುದನ್ನೂ, ಅಲ್ಲಿ ಸಮಾಜಕಾರ್ಯ ಓದಿದವರ ಪೈಪೋಟಿ ಇದೆ ಎಂಬುದನ್ನೂ ಗಮನಿಸಲಿ. ಮುಂದೆ ಎಲ್‌ಎಲ್‌ಬಿ ಮಾಡುವ ಯೋಚನೆ ಇರುವವರಿಗೆ ಈ ಓದು ಒಳ್ಳೆಯ ತಳಹದಿಯಾಗಬಹುದು, ಆದರೆ ಆಗ ಇನ್ನೂ ಮೂರು ವರ್ಷದ ಖರ್ಚನ್ನು ಈಗಲೇ ಕಾಗದದ ಮೇಲೆ ಬರೆಯಬೇಕು.

ಈಗಾಗಲೇ ಸೇರಿ ಎರಡು ವರ್ಷ ಮುಗಿಸಿರುವ ಮಕ್ಕಳ ಪೋಷಕರು ಇದನ್ನೋದಿ ಗಾಬರಿಯಾಗಿ ಕೋರ್ಸು ಬಿಡಿಸಬಾರದು. ಅವರಿಗೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಕಟ್ಟಿದ 4 ಲಕ್ಷ ಓದು ಬಿಟ್ಟರೂ ವಾಪಸ್ ಬರುವುದಿಲ್ಲವಾದ್ದರಿಂದ ಅದನ್ನು ಈಗ ತೂಗುವ ಹಾಗಿಲ್ಲ. ತೂಗಬೇಕಾದದ್ದು ಉಳಿದ 2 ಲಕ್ಷವನ್ನು ಮತ್ತು ಕೈಗೆ ಬರುವ ಪದವಿಯನ್ನು. ಪದವಿಯೇ ಇಲ್ಲದವನು ಪಿಎಸ್‌ಐ ಅರ್ಜಿಯನ್ನೂ ಹಾಕಲಾರ. ಆ ಕೊನೆಯ ವರ್ಷದ ಸಾಲದ ಕಾಗದಗಳಿಗೆ ನಾನು ಮರುಮಾತಿಲ್ಲದೆ ಸಹಿ ಹಾಕಿಕೊಡುತ್ತೇನೆ.