ಕಿಂಡಲ್ಲೋ ಟ್ಯಾಬೋ? ಮೊದಲು ನಿಮ್ಮ ಪುಸ್ತಕ ಎಲ್ಲಿದೆ ನೋಡಿ

ಓದೋಕೆ ಅಂತ ಒಂದು ಯಂತ್ರ ತಗೊಳ್ಳಬೇಕು ಅಂದುಕೊಂಡವರು ನನ್ನ ಹತ್ತಿರ ಮೊದಲು ಕೇಳುವುದು ರೇಟು. ಆಮೇಲೆ ಕೇಳುವುದು ಕಣ್ಣಿನ ವಿಷಯ. ನಾನು ತಿರುಗಿ ಕೇಳುವುದು ಒಂದೇ: ಈ ವರ್ಷ ಓದಲೇಬೇಕು ಅಂದುಕೊಂಡಿರುವ ಐದು ಪುಸ್ತಕದ ಹೆಸರು ಹೇಳಿ, ಅವು ಎಲ್ಲಿ ಸಿಗುತ್ತವೆ ಅಂತ ಇಲ್ಲೇ ಕೂತು ಹುಡುಕೋಣ. ಹೀಗೆ ಹುಡುಕಿದರೆ ಹತ್ತು ನಿಮಿಷದಲ್ಲಿ ಯಾವ ಯಂತ್ರ ಬೇಕು ಅಂತ ಹೆಚ್ಚಿನವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಶಿವಮೊಗ್ಗದಲ್ಲಿ ಮೊಬೈಲು, ಟ್ಯಾಬ್, ಲ್ಯಾಪ್‌ಟಾಪ್ ರಿಪೇರಿ ಮಾಡುವುದು ನನ್ನ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ಅವರಲ್ಲಿ ಪುಸ್ತಕದ ಹುಚ್ಚಿನವರು ಜಾಸ್ತಿ. ಹೊಸದು ತಗೊಳ್ಳುವ ಮುಂಚೆ ಒಂದು ಮಾತು ಕೇಳಿಕೊಂಡು ಹೋಗುವವರೂ ಇದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೀವು ಓದುವುದು ಹೆಚ್ಚಾಗಿ ಇಂಗ್ಲಿಷ್ ಕಾದಂಬರಿ, ಆತ್ಮಕಥೆ, ಇತಿಹಾಸ ಅಂತಾದರೆ ಯೋಚನೆ ಮಾಡಬೇಡಿ, ಇ-ರೀಡರ್ ತಗೊಳ್ಳಿ, ಅಂದರೆ ಕಿಂಡಲ್ ತರಹದ ಯಂತ್ರ. ಅದಕ್ಕೆಂದೇ ಮಾಡಿದ ಯಂತ್ರ ಅದು. ಬರೀ ಅಕ್ಷರ ಇರುವ ಪುಸ್ತಕಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಕನ್ನಡದ ಓದುಗರಿಗೆ ಲೆಕ್ಕ ಬೇರೆ. 2016ರ ಕೊನೆಯಲ್ಲಿ ಅಮೆಜಾನ್ ತನ್ನ ಕಿಂಡಲ್ ಮಳಿಗೆಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಬರಲಿಲ್ಲ. ನಮ್ಮ ಪುಸ್ತಕಗಳು ಬೇರೆ ದಾರಿ ಹಿಡಿದವು. ಹೊಸ ಕಾದಂಬರಿ, ಕಥಾಸಂಕಲನ ಬೇಕಾದರೆ ಮೈಲ್ಯಾಂಗ್ ಆ್ಯಪ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ. ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಕೂತಿವೆ. ಸರ್ಕಾರದ ಕಣಜ ಜಾಲತಾಣ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ಇವುಗಳಲ್ಲೂ ಓದಲು ಬೇಕಾದಷ್ಟಿದೆ. ಅಂದರೆ ಕನ್ನಡದ ಪುಸ್ತಕ ಇರುವುದು ಬಹುಪಾಲು ಎರಡು ಕಡೆ, ಒಂದೋ ಆಂಡ್ರಾಯ್ಡ್ ಆ್ಯಪ್ ಒಳಗೆ, ಇಲ್ಲವೇ ಸ್ಕ್ಯಾನ್ ಪಿಡಿಎಫ್‌ನಲ್ಲಿ. ಮಾಮೂಲಿ ಕಿಂಡಲ್‌ಗೆ ಆ್ಯಪ್ ಹಾಕೋಕೆ ಬರುವುದಿಲ್ಲ. ಪಿಡಿಎಫ್ ಹಾಕಬಹುದು, ಆದರೆ ಓದೋದು ಕಷ್ಟ.

ಯಾಕೆ ಕಷ್ಟ ಅಂತ ಸ್ಕೇಲ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಾದಂಬರಿಗಳ ಒಳಪುಟದಲ್ಲಿ ಡೆಮಿ 1/8 ಅಂತ ಹಾಕಿರುತ್ತಾರಲ್ವಾ, ಆ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. 6 ಇಂಚಿನ ಇ-ರೀಡರ್ ಪರದೆ ಹೆಚ್ಚುಕಮ್ಮಿ 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಅಷ್ಟು ದೊಡ್ಡ ಪುಟವನ್ನು ಇಷ್ಟು ಚಿಕ್ಕ ಜಾಗಕ್ಕೆ ಕುಗ್ಗಿಸಿದರೆ ಇಂಗ್ಲಿಷ್ ಅಕ್ಷರ ಹೇಗೋ ಉಳಿಯುತ್ತದೆ. ಕನ್ನಡದಲ್ಲಿ ಮೊದಲು ಹೋಗುವುದು ಒತ್ತಕ್ಷರ. ಸಾಲಿನ ಕೆಳಗೆ ನೇತಾಡುವ ತ-ವತ್ತು ಯಾವುದು, ನ-ವತ್ತು ಯಾವುದು ಅಂತ ಊಹೆ ಮಾಡಿಕೊಂಡು ಓದಬೇಕು. ಜೂಮ್ ಮಾಡಿದರೆ ಸಾಲಿನ ತುದಿ ಪರದೆಯಿಂದ ಆಚೆ ಹೋಗುತ್ತದೆ, ಎಳೆದು ಎಳೆದು ಓದಬೇಕು, ಇ-ರೀಡರ್‌ನ ಕಾಗದದಂಥ ಇ-ಇಂಕ್ ಪರದೆ ಎಳೆದ ವೇಗಕ್ಕೆ ಬರುವುದಿಲ್ಲ, ನಾಲ್ಕು ಪುಟಕ್ಕೆ ಸಾಕಾಗಿ ಹೋಗುತ್ತದೆ.

ಈಗ 10.1 ಇಂಚಿನ, ಎತ್ತರ ಅಗಲ 16:10 ಪ್ರಮಾಣದಲ್ಲಿರುವ ಟ್ಯಾಬ್ ಅನ್ನು ನೆಟ್ಟಗೆ ಹಿಡಿಯಿರಿ. ಪರದೆ ಸುಮಾರು 13.5 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ ಬರುತ್ತದೆ. ಡೆಮಿ ಪುಟ ಹೆಚ್ಚುಕಮ್ಮಿ ಇದ್ದ ಅಳತೆಯಲ್ಲೇ ಕೂರುತ್ತದೆ. ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್ ಓದುವವರಿಗೆ ನಾನು ಬೇರೆ ಯಾವ ಕಾರಣವನ್ನೂ ಹೇಳುವುದಿಲ್ಲ, ಈ ಅಳತೆ ತೋರಿಸುತ್ತೇನೆ, ಅಷ್ಟೇ. 8 ಇಂಚಿನದು ಅಗ್ಗಕ್ಕೆ ಸಿಗುತ್ತದೆ ಅಂತ ತಗೊಂಡವರು ಕೊನೆಗೆ ಅದರಲ್ಲಿ ವಿಡಿಯೋ ನೋಡುತ್ತಾರೆ.

ಇಪಬ್ ರೂಪದಲ್ಲಿ ಕನ್ನಡ ಪುಸ್ತಕ ಸಿಕ್ಕಿದರೆ ಕಥೆ ಬೇರೆ. ಇಪಬ್‌ನಲ್ಲಿ ಪುಟದ ಚಿತ್ರ ಇರುವುದಿಲ್ಲ, ಅಕ್ಷರಗಳೇ ಇರುತ್ತವೆ. ಹಾಗಾಗಿ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದುಕೊಂಡು ಪರದೆಗೆ ಹೊಂದುತ್ತದೆ. 2022ರಿಂದ ಕಿಂಡಲ್‌ಗೂ ಇಪಬ್ ಕಳಿಸಬಹುದು. ಆದರೆ ದುಡ್ಡು ಕೊಡುವ ಮುಂಚೆ ಸ್ನೇಹಿತರ ಇ-ರೀಡರ್‌ನಲ್ಲಿ ಒಂದು ಕನ್ನಡ ಪುಟ ಹಾಕಿ ನೋಡಿ. ‘ರಾಷ್ಟ್ರ’, ‘ಸ್ತ್ರೀ’, ‘ಕೃಷ್ಣ’, ‘ಅರ್ಥ’, ಈ ನಾಲ್ಕು ಪದ ಸರಿಯಾಗಿ ಕಂಡರೆ ಉಳಿದದ್ದೂ ಸರಿ ಇರುತ್ತದೆ. ವತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತರೆ, ಅರ್ಕಾವತ್ತು ಜಾಗ ಬಿಟ್ಟು ಓಡಿದರೆ, ಆ ಯಂತ್ರದಲ್ಲಿ ಮುನ್ನೂರು ಪುಟ ಓದಲು ಆಗುವುದಿಲ್ಲ. ಇನ್ನೊಂದು ವಿಷಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಇಪಬ್ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಯಂತ್ರ ಕೆಟ್ಟಿದೆ ಅಂತ ಅಂಗಡಿಗೆ ತರುತ್ತಾರೆ. ಯಂತ್ರದ ತಪ್ಪೇನಿಲ್ಲ. ಮೊದಲು ಆ ಫೈಲನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮಲೆನಾಡಿಗೆ ಇ-ರೀಡರ್ ಎಷ್ಟು ಒಗ್ಗುತ್ತದೆ ಅಂತ ಹೇಳದೇ ಇರಲಾರೆ. ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಕಪ್ಪು ಬಿಳಿ ಕಣಗಳು. ಕರೆಂಟು ಕೊಟ್ಟಾಗ ಅವು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟವನ್ನು ಹಾಗೇ ಹಿಡಿದಿಟ್ಟುಕೊಳ್ಳಲು ಕರೆಂಟು ಬೇಡ, ಪುಟ ತಿರುಗಿಸುವಾಗ ಮಾತ್ರ ಬೇಕು. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಕಂಪನಿಯವರು ಹೇಳುವ ವಾರಗಳ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದಿನದು, ನೀವು ಮೂರು ಗಂಟೆ ಓದಿದರೆ ಅಷ್ಟು ಬರುವುದಿಲ್ಲ, ಆದರೂ ಟ್ಯಾಬ್‌ಗೆ ಹೋಲಿಸುವ ಹಾಗೇ ಇಲ್ಲ. ಟ್ಯಾಬ್ ಎಂಟು ಹತ್ತು ಗಂಟೆಗೆ ಮಲಗುತ್ತದೆ. ಜುಲೈ ಆಗಸ್ಟಿನಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಟವರಿನ ಬ್ಯಾಟರಿಯೂ ಮುಗಿದು ನೆಟ್‌ವರ್ಕೂ ಇಲ್ಲ ಅನ್ನುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ! ಅಲ್ಲಿ ಓದು ನಿಲ್ಲದೆ ನಡೆಯಬೇಕಾದರೆ ಇ-ರೀಡರೇ ಸರಿ. ಟ್ಯಾಬ್ ಇರುವವರು ಮೇ ತಿಂಗಳಲ್ಲೇ ಮಳೆಗಾಲದ ಪುಸ್ತಕಗಳನ್ನು ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಏರೋಪ್ಲೇನ್ ಮೋಡ್ ಹಾಕಿ ಎಲ್ಲವೂ ತೆರೆಯುತ್ತವಾ ಅಂತ ಒಮ್ಮೆ ನೋಡಿಬಿಡಿ.

ಬಿಸಿಲಿಗೂ ಅಷ್ಟೇ. ಅಡಿಕೆ ಕೊಯ್ಲಿನ ಸಮಯದಲ್ಲಿ ಅಂಗಳದಲ್ಲಿ ಒಣಹಾಕಿದ ಅಡಿಕೆ ಕಾಯುತ್ತಾ ಕೂರುವವರು ಟ್ಯಾಬ್‌ನಲ್ಲಿ ಓದೋಕೆ ಹೋದರೆ ಕಾಣುವುದು ತಮ್ಮದೇ ಮುಖ. ಬಿಸಿಲಿಗೆ ಕಾದು ಅದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಇ-ಇಂಕ್‌ಗೆ ಬೆಳಕು ಬಿದ್ದಷ್ಟೂ ಅಕ್ಷರ ಚೆನ್ನಾಗಿ ಕಾಣುತ್ತದೆ, ಕಾಗದದ ಹಾಗೆ.

ಕಣ್ಣಿನ ವಿಷಯಕ್ಕೆ ಬಂದರೆ, ನಾನು ಡಾಕ್ಟರಲ್ಲ. ಆದರೆ ಪರದೆಯ ನೀಲಿ ಬೆಳಕು ಕಣ್ಣು ಹಾಳು ಮಾಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಅಂತ ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಹೇಳಿದೆ. ಉರಿ ಬರುವುದು ನಾವು ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಮ್ಮಿ ಆಗುವುದರಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರದ ಮರ ನೋಡಿ. ರಾತ್ರಿ ನಿದ್ದೆಯ ಮಾತು ಬೇರೆ. 2014ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮಲಗುವ ಮುಂಚೆ ನಾಲ್ಕು ಗಂಟೆ ಟ್ಯಾಬ್‌ನಲ್ಲಿ ಓದಿದವರಿಗೆ ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಜಾಸ್ತಿ ಬೇಕಾಯಿತು. ಪರೀಕ್ಷೆ ಮಾಡಿದ್ದು ಹನ್ನೆರಡೇ ಜನರ ಮೇಲೆ, ಅದೂ ಪೂರ್ತಿ ಬೆಳಕು ಇಟ್ಟು, ಹಾಗಾಗಿ ಹೆದರಬೇಕಾಗಿಲ್ಲ, ಬೆಳಕು ತಗ್ಗಿಸಿ ಓದಿ. ಇ-ರೀಡರ್‌ನಲ್ಲೂ ದೀಪ ಇರುತ್ತದೆ, ಆದರೆ ಅದು ಅಂಚಿನಿಂದ ಪುಟದ ಮೇಲೆ ಬೀಳುತ್ತದೆ, ಟ್ಯಾಬ್‌ನಂತೆ ಹಿಂದಿನಿಂದ ನೇರ ಕಣ್ಣಿಗೆ ಬರುವುದಿಲ್ಲ. ಮಲಗಿ ಓದುವವರು ತೂಕವನ್ನೂ ನೋಡಬೇಕು. ಇ-ರೀಡರ್ 200 ಗ್ರಾಂ ಆಸುಪಾಸು, ಹತ್ತು ಇಂಚಿನ ಟ್ಯಾಬ್ ಅರ್ಧ ಕೆಜಿ ಹತ್ತಿರ.

ಇನ್ನು ರಿಪೇರಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕಂದರೆ ಮೇಜಿನ ಮೇಲೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ.

ಇ-ರೀಡರ್ ಕೆಡುವುದು ಹೆಚ್ಚಾಗಿ ಒಂದೇ ರೀತಿ. ಮೇಲಿನ ಪದರ ಪ್ಲಾಸ್ಟಿಕ್, ಅದರಡಿ ತೆಳ್ಳನೆಯ ಗಾಜು. ಬ್ಯಾಗಿನಲ್ಲಿ ಟಿಫನ್ ಡಬ್ಬಿ ಒತ್ತಿದರೆ, ಹಾಸಿಗೆ ಮೇಲಿದ್ದಾಗ ಯಾರೋ ಮೊಣಕೈ ಊರಿದರೆ ಒಳಗಿನ ಗಾಜು ಸೀಳುತ್ತದೆ. ಹೊರಗಡೆ ಕೈಯಾಡಿಸಿದರೆ ನುಣ್ಣಗೇ ಇರುತ್ತದೆ, ಒಂದು ಗೀರೂ ಇಲ್ಲ. ಆನ್ ಮಾಡಿದರೆ ಮೇಲಿನ ಅರ್ಧದಲ್ಲಿ ಹೊಸ ಪುಟ, ಕೆಳಗಿನ ಅರ್ಧದಲ್ಲಿ ಒಡೆಯುವಾಗ ಇದ್ದ ಹಳೇ ಪುಟ ಹಾಗೇ ಅಂಟಿಕೊಂಡಿರುತ್ತದೆ, ನಡುವೆ ಅಡ್ಡಗೆರೆಗಳು. ಜನ ಇದನ್ನು ಸಾಫ್ಟ್‌ವೇರ್ ತೊಂದರೆ ಅಂದುಕೊಂಡು ರೀಸೆಟ್ ಮಾಡುತ್ತಾರೆ. ಏನೂ ಆಗುವುದಿಲ್ಲ. ಪರದೆಯನ್ನೇ ಬದಲಿಸಬೇಕು. ನಮ್ಮ ಊರಲ್ಲಿ ಅದರ ಬಿಡಿಭಾಗ ಸಿಗುವುದಿಲ್ಲ, ತರಿಸಿದರೂ ಯಂತ್ರದ ಬೆಲೆಯ ಹತ್ತಿರ ಬರುತ್ತದೆ. ಹಾಗಾಗಿ ಇ-ರೀಡರ್ ತಗೊಂಡ ದಿನವೇ ಗಟ್ಟಿ ಮುಚ್ಚಳದ ಕವರ್ ತಗೊಳ್ಳಿ. ಟ್ಯಾಬ್‌ನ ಗಾಜು ಒಡೆದರೆ, ಹೆಸರಿರುವ ಕಂಪನಿಯದಾದರೆ, ಹೆಚ್ಚಾಗಿ ಹಾಕಿಕೊಡಬಹುದು. ಹೆಸರೇ ಕೇಳದ ಕಂಪನಿಯ ಅಗ್ಗದ ಟ್ಯಾಬ್ ಆದರೆ ಅದೂ ಇಲ್ಲ.

ಟ್ಯಾಬ್‌ಗೆ ಬರುವ ಕಾಯಿಲೆ ಬ್ಯಾಟರಿಯದು. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಟ್ಯಾಬ್ ತಂದಿದ್ದರು. ಪರದೆ ಒಂದು ಬದಿ ಚೌಕಟ್ಟಿನಿಂದ ಎದ್ದು, ಉಗುರು ತೂರುವಷ್ಟು ಸಂದಿ ಬಿದ್ದಿತ್ತು.

‘ಗೋಂದು ಬಿಟ್ಟಿದೆ ಕಣಪ್ಪ, ಸ್ವಲ್ಪ ಅಂಟಿಸಿಕೊಡು’ ಅಂದರು.

‘ಗೋಂದಲ್ಲ ಮೇಷ್ಟ್ರೇ, ಬ್ಯಾಟರಿ ಊದಿಕೊಂಡಿದೆ. ಇಡೀ ದಿನ ಚಾರ್ಜಿಗೆ ಹಾಕಿರ್ತೀರಾ?’

‘ಮತ್ತೆ? ಕರೆಂಟು ಯಾವಾಗ ಹೋಗ್ತದೋ ಗೊತ್ತಿಲ್ಲ ಮಾರಾಯ, ಇದ್ದಾಗ ತುಂಬಿಸಿಡೋದು ಬೇಡ್ವಾ?’

ಅವರ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಲಿಥಿಯಂ ಬ್ಯಾಟರಿಯನ್ನು ಸದಾ ನೂರಕ್ಕೆ ನೂರು ತುಂಬಿಸಿ, ಮೇಲಿಂದ ಬಿಸಿಯನ್ನೂ ಕೊಟ್ಟರೆ ಅದು ಬೇಗ ಸಾಯುತ್ತದೆ, ಕೆಲವೊಮ್ಮೆ ಒಳಗೆ ಅನಿಲ ತುಂಬಿ ಉಬ್ಬುತ್ತದೆ. ಉಬ್ಬಿದ್ದನ್ನು ಒತ್ತಿ ಅಂಟಿಸಲೇಬಾರದು, ಬೆಂಕಿ ಹತ್ತಬಹುದು. ಹೊಸ ಟ್ಯಾಬ್‌ಗಳಲ್ಲಿ ಚಾರ್ಜನ್ನು ಎಂಬತ್ತಕ್ಕೆ ನಿಲ್ಲಿಸುವ ಸೆಟ್ಟಿಂಗ್ ಬರುತ್ತದೆ, ಹಾಕಿಬಿಡಿ. ಕರೆಂಟಿನ ಭಯಕ್ಕೆ ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಂತೂ ಚಾರ್ಜರ್ ಪ್ಲಗ್ಗಿನಿಂದ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲಿಗೆ ಸುಟ್ಟ ಬೋರ್ಡುಗಳು ಆ ಎರಡು ತಿಂಗಳಲ್ಲೇ ಹೆಚ್ಚು ಬರುತ್ತವೆ.

ಥಂಡಿ ಎರಡಕ್ಕೂ ಶತ್ರು. ಚಾರ್ಜಿಂಗ್ ಪೋರ್ಟಿನಲ್ಲಿ ಹಸಿರು ಕಿಲುಬು ಕಟ್ಟಿದ್ದು ಮಳೆಗಾಲ ಮುಗಿಯುವಾಗ ದಿನಾ ನೋಡುತ್ತೇನೆ. ಒದ್ದೆಯಾದದ್ದನ್ನು ಅಕ್ಕಿ ಡಬ್ಬದಲ್ಲಿ ಹುಗಿಯಬೇಡಿ, ಬಚ್ಚಲೊಲೆ ಹತ್ತಿರವಂತೂ ಇಡಲೇಬೇಡಿ. ಆಫ್ ಮಾಡಿ, ಪೋರ್ಟ್ ಕೆಳಗೆ ಮಾಡಿ ಫ್ಯಾನಿನ ಗಾಳಿಗೆ ಇಟ್ಟು, ಚಾರ್ಜಿಗೆ ಹಾಕದೆ ತನ್ನಿ. ಕೆಲವು ಇ-ರೀಡರ್‌ಗಳು ನೀರು ತಡೆಯುತ್ತವೆ, ಐಪಿಎಕ್ಸ್8 ಅಂತ ಬರೆದಿರುತ್ತಾರೆ. ಕಿಂಡಲ್ ಪೇಪರ್‌ವೈಟ್‌ಗೆ 2018ರಲ್ಲೇ ಅದು ಬಂತು. ಮಲೆನಾಡಿನವರು ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ಹಾಗಾದರೆ ಯಾರಿಗೆ ಯಾವುದು? ಮಕ್ಕಳ ಪಠ್ಯಪುಸ್ತಕ, ಬಣ್ಣದ ಚಿತ್ರ, ಹಳೆಯ ಸ್ಕ್ಯಾನ್, ಕನ್ನಡ ಆ್ಯಪ್‌ಗಳು ಅಂದರೆ ಹತ್ತು ಇಂಚಿನ ಟ್ಯಾಬ್. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಕಾಣದ ಹಿರಿಯರಿಗೂ ಟ್ಯಾಬೇ, ಯಾಕಂದರೆ ಆಡಿಯೋ ಪುಸ್ತಕ ಕೇಳಬಹುದು, ಗೂಗಲ್‌ನ ಓದುವ ದನಿ ಕನ್ನಡವನ್ನೂ ಓದುತ್ತದೆ. ಒಂದೇ ಷರತ್ತು: ಆ ಟ್ಯಾಬ್‌ನಲ್ಲಿ ವಾಟ್ಸಾಪ್, ಯೂಟ್ಯೂಬ್ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ. ಇಲ್ಲದಿದ್ದರೆ ಓದು ಮೂರನೇ ಪುಟಕ್ಕೆ ನಿಲ್ಲುತ್ತದೆ. ಇಂಗ್ಲಿಷ್ ಓದು ಜಾಸ್ತಿ, ಕರೆಂಟಿಲ್ಲದ ಊರು, ಮಲಗಿ ಓದುವ ಅಭ್ಯಾಸ ಅಂದರೆ ಇ-ರೀಡರ್. ಕನ್ನಡ ಆ್ಯಪ್‌ಗಳೂ ಬೇಕು, ಇ-ಇಂಕ್ ಪರದೆಯೂ ಬೇಕು ಅನ್ನುವವರಿಗೆ ಬೂಕ್ಸ್ (Boox) ತರಹದ ಆಂಡ್ರಾಯ್ಡ್ ಇ-ಇಂಕ್ ಯಂತ್ರಗಳಿವೆ. ಓದುಗನಾಗಿ ನನಗೆ ತುಂಬಾ ಇಷ್ಟವಾದದ್ದು ಅದೇ. ಆದರೆ ದೊಡ್ಡ ಪರದೆಯದು ಒಳ್ಳೆಯ ಟ್ಯಾಬ್‌ಗಿಂತ ದುಬಾರಿ, ಮತ್ತು ಕೆಟ್ಟರೆ ಶಿವಮೊಗ್ಗದಲ್ಲಿ ನಾನೂ ಸೇರಿ ಯಾರೂ ಪರದೆ ಹಾಕಿಕೊಡಲಾರೆವು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಇನ್ನೊಂದು ಮಾತು. ಇ-ರೀಡರ್ ಆದರೆ ಹಳೆಯ ಮಾಲೀಕರ ಅಕೌಂಟ್ ಅವರ ಎದುರಿಗೇ ತೆಗೆಸಿ, ಪೂರ್ತಿ ಬಿಳಿಯ ಒಂದು ಪುಟ ತೆರೆದು ಗೆರೆ, ಕಪ್ಪು ಚುಕ್ಕಿ ಇದೆಯಾ ಅಂತ ನೋಡಿ. ದೀಪ ಹಾಕಿ ನಾಲ್ಕೂ ಮೂಲೆಯಲ್ಲಿ ಬೆಳಕು ಸಮವಾಗಿದೆಯಾ ನೋಡಿ. ಟ್ಯಾಬ್ ಆದರೆ ಸಪಾಟಾದ ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ಇಟ್ಟು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಬುಗುರಿಯ ಹಾಗೆ ಸಲೀಸಾಗಿ ತಿರುಗಿದರೆ ಬೆನ್ನು ಉಬ್ಬಿದೆ ಅಂತ ಅರ್ಥ, ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ ಅನ್ನಿ.