ಎಣ್ಣೆ ಬಿದ್ದಲ್ಲಿ ಸೋರಿಕೆ ಇಲ್ಲ

ಕಾರಿನ ಕೆಳಗೆ ಬಿದ್ದ ಎಣ್ಣೆಯ ಕಲೆ ಎರಡು ಸುಳ್ಳು ಹೇಳುತ್ತದೆ. ಒಂದು, ಎಷ್ಟು ಸೋರಿದೆ ಎಂಬುದರ ಬಗ್ಗೆ. ಇನ್ನೊಂದು, ಎಲ್ಲಿಂದ ಸೋರಿದೆ ಎಂಬುದರ ಬಗ್ಗೆ.

ಮೊದಲನೆಯದು ಸುಲಭ. ಒಂದೇ ಒಂದು ಮಿಲಿಲೀಟರ್ ಎಣ್ಣೆ 0.1 ಮಿಲಿಮೀಟರ್ ದಪ್ಪಕ್ಕೆ ಹರಡಿಕೊಂಡರೆ 100 ಚದರ ಸೆಂಟಿಮೀಟರ್ ನೆಲ ಕಪ್ಪಾಗುತ್ತದೆ. ಅಂಗೈಯಗಲದ ಕಲೆ ನೋಡಿ ಎಂಜಿನ್ ಬರಿದಾಯಿತೆಂದು ಗಾಬರಿಯಾಗಬೇಕಿಲ್ಲ. ಸಾಮಾನ್ಯ ಕಾರಿನಲ್ಲಿ 3ರಿಂದ 5 ಲೀಟರ್ ಆಯಿಲ್ ಇರುತ್ತದೆ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವಿನ ಅಂತರ ಹಲವು ಎಂಜಿನ್‌ಗಳಲ್ಲಿ ಸುಮಾರು ಒಂದು ಲೀಟರ್. ನಂಬಬೇಕಾದ್ದು ಆ ಕಡ್ಡಿಯನ್ನು, ಕಲೆಯನ್ನಲ್ಲ. ಆದರೆ ನೆಲಕ್ಕೆ ಒಂದು ಹನಿಯೂ ಬೀಳದ ಸೋರಿಕೆಯೇ ಕೆಲವೊಮ್ಮೆ ಹೆಚ್ಚು ಅಪಾಯದ್ದು. ಎಂಜಿನ್ನಿನ ಹೊಗೆ ಹೊರಹೋಗುವ ಕಾದ ಕೊಳವೆಯ (ಎಕ್ಸಾಸ್ಟ್ ಮ್ಯಾನಿಫೋಲ್ಡ್) ಮೇಲೆ ಬಿದ್ದ ಎಣ್ಣೆ ಅಲ್ಲಿಯೇ ಸುಟ್ಟುಹೋಗುತ್ತದೆ. ಸುಟ್ಟ ವಾಸನೆ, ಬಾನೆಟ್ ಸಂದಿಯಿಂದ ಹೊಗೆ ಬಂದರೆ ಮುಂದಿನ ವಾರ ನೋಡೋಣ ಎನ್ನುವಂತಿಲ್ಲ, ಬೆಂಕಿ ಹೊತ್ತಿಕೊಳ್ಳಬಹುದು.

ಸೋರಿದ್ದು ಎಂಜಿನ್ ಆಯಿಲ್ಲೇ ಹೌದೇ ಎಂಬುದನ್ನೂ ನೋಡಿಕೊಳ್ಳಬೇಕು. ರಾತ್ರಿ ಕಾರಿನಡಿ ಒಂದು ಬಿಳಿ ರಟ್ಟು ಹಾಸಿಟ್ಟರೆ ಸಾಕು. ಹೊಸ ಎಂಜಿನ್ ಆಯಿಲ್ ಜೇನಿನ ಬಣ್ಣ, ಹಳೆಯದು ಕಂದು ಅಥವಾ ಕಪ್ಪು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು ಬಹುಪಾಲು ಕೆಂಪು. ಹಸಿರು, ಗುಲಾಬಿ, ಕಿತ್ತಳೆಯಾಗಿದ್ದರೆ ಎಂಜಿನ್ ತಣಿಸುವ ಕೂಲೆಂಟ್. ತಿಳಿನೀರಾಗಿದ್ದರೆ ಎಸಿಯದು, ಚಿಂತೆ ಬೇಡ.

ಎರಡನೆಯ ಸುಳ್ಳಿಗೆ ಜನ ನಿಜವಾಗಿ ದುಡ್ಡು ಕಳೆದುಕೊಳ್ಳುತ್ತಾರೆ. ಎಣ್ಣೆ ಲೋಹಕ್ಕೆ ಅಂಟಿಕೊಂಡೇ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹನಿ ತೊಟ್ಟಿಕ್ಕುವ ಜಾಗ ಅದರ ಪ್ರಯಾಣದ ಕೊನೆಯ ನಿಲ್ದಾಣ ಅಷ್ಟೆ. ಹುಡುಕಬೇಕಾದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಎಲ್ಲಕ್ಕಿಂತ ಮುಂದಿನದನ್ನು. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಹಿಂಬದಿಯಲ್ಲಿ ಬಿಟ್ಟುಕೊಂಡಿದೆ ಎನ್ನಿ. ಎಣ್ಣೆ ಎಂಜಿನ್ನಿನ ಬೆನ್ನ ಮೇಲೆ ಇಳಿದು, ಗೇರ್‌ಬಾಕ್ಸ್ ಕೂಡುವ ಸಂದಿಗೆ ಬಂದು ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದುಬಿಡುತ್ತಾರೆ. ಆಯಿಲ್ ಪ್ರೆಶರ್ ಸ್ವಿಚ್ ಸೋರಿದರೂ ಎಷ್ಟೋ ಸಲ ಇದೇ ಕಥೆ.

ಆದ್ದರಿಂದ ಪತ್ತೆಯ ಅರ್ಧ ಕೆಲಸ ತೊಳೆಯುವುದು. ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಎಂಜಿನ್ ಒರೆಸಿ ಒಣಗಿಸಿ, ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿದರೆ ಬಿಳಿಯ ಮೇಲೆ ಒದ್ದೆಯ ಗೆರೆ ತಾನೇ ಮೂಡುತ್ತದೆ. ಅದೂ ಸಾಲದಿದ್ದರೆ ಆಯಿಲ್‌ಗೆ ಬೆರೆಸುವ ಬಣ್ಣವಿದೆ, ನೇರಳಾತೀತ ಟಾರ್ಚ್ ಬಿಟ್ಟರೆ ಸೋರಿಕೆಯ ದಾರಿಯುದ್ದಕ್ಕೂ ಹೊಳೆಯುತ್ತದೆ. ಕೆಳಗೆ ನುಸುಳಿ ನೋಡುವುದಾದರೆ ಬರೀ ಜ್ಯಾಕ್ ನಂಬಬಾರದು, ಸ್ಟ್ಯಾಂಡ್ ಕೊಟ್ಟಿರಬೇಕು.

ಇನ್ನು ಸೋರುವುದಾದರೂ ಏಕೆ? ಇಂಥ ಗ್ಯಾಸ್ಕೆಟ್ ಎಂದರೆ ಎರಡು ಭಾಗಗಳ ನಡುವೆ ಒತ್ತಿಟ್ಟ ರಬ್ಬರ್. ಒತ್ತಿದ್ದಕ್ಕೆ ತಿರುಗಿ ಒತ್ತುವುದೇ ಅದರ ಕೆಲಸ. ವರ್ಷಗಟ್ಟಲೆ 100 ಡಿಗ್ರಿ ಆಸುಪಾಸಿನ ಶಾಖದಲ್ಲಿ ಬೆಂದ ರಬ್ಬರ್ ಆ ಪುಟಿತವನ್ನೇ ಕಳೆದುಕೊಂಡು ಬಿರುಸಾಗುತ್ತದೆ. ಆಗ ಬೋಲ್ಟ್ ಇನ್ನಷ್ಟು ಬಿಗಿ ಮಾಡುವುದು ನಮ್ಮ ಸಹಜ ಬುದ್ಧಿ, ಅದರಿಂದ ಕವರ್ ಸೊಟ್ಟಗಾಗುತ್ತದೆಯೇ ಹೊರತು ರಬ್ಬರಿಗೆ ಪ್ರಾಯ ಬರುವುದಿಲ್ಲ. ಟ್ಯಾಪೆಟ್ ಕವರಿನ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸುಮಾರಿನ ಬಿಗಿ ಸಾಕು, ಒಂದು ಮೀಟರ್ ಸರಳಿನ ತುದಿಗೆ ಒಂದು ಕಿಲೋ ತೂಗುಹಾಕಿದಷ್ಟು.

ತಿರುಗುವ ಕ್ರ್ಯಾಂಕ್‌ಶಾಫ್ಟಿನ ಸುತ್ತ ಇರುವ ಸೀಲ್ ಮಾತ್ರ ಬೇರೆಯೇ ಜಾತಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕಿಗೆ ತೆಳುವಾದ ರಬ್ಬರ್ ತುಟಿಯೊಂದು ಆತುಕೊಂಡಿರುತ್ತದೆ, ಸುತ್ತ ಬಳೆಯಂಥ ಸಣ್ಣ ಸ್ಪ್ರಿಂಗ್. ತುಟಿ ಒಣಗಿದ್ದರೆ ಸುಟ್ಟೇಹೋಗುತ್ತಿತ್ತು. ಅದರಡಿ ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪದರ ಸದಾ ಇರುತ್ತದೆ. ಹಾಗಿದ್ದೂ ಸೋರುವುದಿಲ್ಲ, ಏಕೆಂದರೆ ತುಟಿಯ ಎರಡು ಬದಿಯ ಇಳಿಜಾರು ಸಮವಲ್ಲ, ಎಣ್ಣೆಯ ಕಡೆ ಕಡಿದು, ಗಾಳಿಯ ಕಡೆ ಓರೆ. ಶಾಫ್ಟ್ ತಿರುಗುತ್ತಿದ್ದಂತೆ ಈ ಅಸಮತೆಯೇ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೀಲ್ ಎಂಬುದು ಬಾಗಿಲಲ್ಲ, ಪುಟ್ಟ ಪಂಪು! ತಿರುಗುಮುರುಗಾಗಿ ಕೂರಿಸಿದರೆ ಅದೇ ಪಂಪು ಎಣ್ಣೆಯನ್ನು ಹೊರಗೆ ದಬ್ಬುತ್ತದೆ.

ಸೀಲ್ ಚೆನ್ನಾಗಿದ್ದೂ ಸೋರುವ ಎಂಜಿನ್‌ಗಳಿವೆ. ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಸದಾ ಕ್ರ್ಯಾಂಕ್ ಇರುವ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹಿಂದೆ ಅದನ್ನು ಕೊಳವೆಯೊಂದರ ಮೂಲಕ ರಸ್ತೆಗೇ ಬಿಟ್ಟುಬಿಡುತ್ತಿದ್ದರು. ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ, ಅದನ್ನು ಮತ್ತೆ ಎಂಜಿನ್ನಿಗೇ ಉಣಿಸುವ ಪಿಸಿವಿ ವಾಲ್ವ್ ಬಂತು. ಈ ವಾಲ್ವ್ ಮಸಿ ಕಟ್ಟಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಒತ್ತಡ ಯಾವ ಸೀಲ್ ಬಡಪಾಯಿಯೋ ಅದನ್ನು ಹುಡುಕಿ ಹೊರಬರುತ್ತದೆ. ಒಂದು ಸೀಲ್ ಬದಲಿಸಿದರೆ ಮುಂದಿನ ತಿಂಗಳು ಇನ್ನೊಂದು. ಹಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ಕಾಗದ ಹಿಡಿದರೆ ಮೆಲ್ಲಗೆ ಒಳಕ್ಕೆ ಸೆಳೆಯಬೇಕು. ಎತ್ತಿ ಹಾಕುತ್ತಿದ್ದರೆ ವಾಲ್ವ್ ಅಥವಾ ರಿಂಗ್ ನೋಡಿಸಿ. ನನ್ನ ಕೇಳಿದರೆ ಸೀಲ್‌ಗೆ ಕೈಹಾಕುವ ಮೊದಲು ಮಾಡಬೇಕಾದ ಪರೀಕ್ಷೆ ಇದೇ.

ಆಯಿಲ್ ಬದಲಿಸಿದ ಮರುದಿನವೇ ಸೋರಿದರೆ ದೂರ ಹುಡುಕಬೇಡಿ. ಡ್ರೈನ್ ಬೋಲ್ಟಿನ ಹಳೆಯ ವಾಷರನ್ನೇ ಮತ್ತೆ ಹಾಕಿರಬಹುದು, ಇಲ್ಲವೇ ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿದ್ದು ಹೊಸದನ್ನು ಅದರ ಮೇಲೆಯೇ ತಿರುಗಿಸಿರಬಹುದು. ಎರಡನೆಯದು ಪೂರ್ಣ ಒತ್ತಡದಲ್ಲಿ ಸುರಿಯುವ ಸೋರಿಕೆ, ಗಾಡಿ ನಿಲ್ಲಿಸಲೇಬೇಕು. ಗ್ಯಾಸ್ಕೆಟ್ ಬದಲಿಗೆ ಸಿಲಿಕಾನ್ ಮೆತ್ತುವುದು ಇನ್ನೊಂದು ಚಟ. ಒಳಕ್ಕೆ ಹಿಂಡಿಕೊಂಡ ತುಣುಕು ಕಿತ್ತು ಎಂಜಿನ್ ತಳದ ಎಣ್ಣೆತೊಟ್ಟಿಯಾದ ಸಂಪ್‌ನಲ್ಲಿರುವ ಪಂಪಿನ ಜಾಲರಿಗೆ ಕೂತರೆ, ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ನಿಲ್ಲಿಸಿದಂತೆ. ಸೋರಿಕೆ ನಿಲ್ಲಿಸುವ ಬಾಟಲಿಗಳು ಬಿರುಸಾದ ರಬ್ಬರನ್ನು ಊದಿಸಿ ಸ್ವಲ್ಪ ಕಾಲ ದೂಡಬಲ್ಲವು, ಹರಿದದ್ದನ್ನು ಹೊಲಿಯಲಾರವು.

ಕ್ರ್ಯಾಂಕ್ ಸೀಲನ್ನೇ ಬದಲಿಸುವುದಾದರೆ ಶಾಫ್ಟಿನ ಮೇಲೆ ಉಗುರಾಡಿಸಿ ನೋಡಬೇಕು. ಮೆತ್ತನೆಯ ರಬ್ಬರ್ ಗಟ್ಟಿ ಉಕ್ಕಿನಲ್ಲಿ ಗೆರೆ ಕೊರೆದಿರುತ್ತದೆ, ತುಟಿಗೆ ಸಿಕ್ಕಿಕೊಂಡ ಧೂಳೇ ಅದರ ಉಜ್ಜುಗಲ್ಲು. ಆ ಗೆರೆಯ ಮೇಲೆಯೇ ಕೂರಿಸಿದ ಹೊಸ ಸೀಲ್ ಹಳೆಯದರಂತೆಯೇ ಸೋರುತ್ತದೆ. ಅದಕ್ಕೇ ಅನುಭವಸ್ಥರು ಜಾಗವಿದ್ದರೆ ಅದನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸುತ್ತಾರೆ, ಇಲ್ಲವೇ ಶಾಫ್ಟಿಗೊಂದು ತೆಳು ಉಕ್ಕಿನ ಕವಚ (ಸ್ಲೀವ್) ತೊಡಿಸುತ್ತಾರೆ.