ಅಟ್ಟದ ಬಿಸಿಗಾಳಿಯಲ್ಲಿ ಎಷ್ಟು ಶಾಖವಿದೆ?

ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಹೊರಗಾಳಿ 37 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮಧ್ಯಾಹ್ನ, ತಗಡು ಹೊದಿಸಿದ ಮನೆಯ ಅಟ್ಟದೊಳಗಿನ ಗಾಳಿ 50 ಡಿಗ್ರಿ ದಾಟುವುದು ಸಾಮಾನ್ಯ. ಇಷ್ಟು ಬಿಸಿ ತಲೆಯ ಮೇಲೇ ಇರುವಾಗ ಗೀಸರ್‌ಗೆ ಕರೆಂಟ್ ಸುರಿಯುವುದೇಕೆ, ಅಟ್ಟದಲ್ಲೊಂದು ನೀರಿನ ಡ್ರಮ್ ಇಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಒಳ್ಳೆಯದು. ಆದರೆ ಉಷ್ಣಾಂಶ ಹೆಚ್ಚಿದ್ದಲ್ಲಿ ಶಾಖವೂ ಹೇರಳವಾಗಿರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ, ಮತ್ತು ಆ ನಂಬಿಕೆ ತಪ್ಪು.

ಮೂವತ್ತು ಅಡಿಗೆ ಇಪ್ಪತ್ತು ಅಡಿ ಅಳತೆಯ ಮನೆಯ ಇಳಿಜಾರು ಸೂರಿನ ಕೆಳಗೆ ಸುಮಾರು 40 ಘನ ಮೀಟರ್ ಗಾಳಿ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಆ ಬಿಸಿಯಲ್ಲಿ ಅದರ ತೂಕ ಹೆಚ್ಚೂಕಡಿಮೆ 40 ಕಿಲೋ. ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ: ಮಂಡಕ್ಕಿ ಚೀಲ ಆಳೆತ್ತರ ನಿಂತರೂ ತಕ್ಕಡಿಗೆ ಹಾಕಿದರೆ ಏನೂ ತೂಗುವುದಿಲ್ಲ. ಅದಲ್ಲದೆ ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕಿಲೋಜೂಲ್ ಸಾಕು, ನೀರಿಗಾದರೆ ನಾಲ್ಕು ಪಟ್ಟಿಗೂ ಮಿಗಿಲು ಬೇಕು. ಹೀಗಾಗಿ ಅಟ್ಟದ ಅಷ್ಟೂ ಗಾಳಿಯನ್ನು 52 ಡಿಗ್ರಿಯಿಂದ 37ಕ್ಕೆ ಇಳಿಸಿ, ಬಂದ ಶಾಖವನ್ನೆಲ್ಲ ನೂರು ಲೀಟರ್ ನೀರಿಗೆ ಕೊಟ್ಟರೆ ಆ ನೀರು ಒಂದೂವರೆ ಡಿಗ್ರಿಯಷ್ಟು ಬಿಸಿಯಾದೀತು. ಡ್ರಮ್ಮಿನ ಭಾರ ಹೊತ್ತ ಜಂತಿಗಳಿಗೆ ಅದರಿಂದ ಅಪಾಯವೇ ಹೊರತು ಸ್ನಾನಕ್ಕೆ ಪ್ರಯೋಜನವಿಲ್ಲ.

ಹಾಗಾದರೆ ಅಟ್ಟದ ಬಿಸಿ ನಿಷ್ಪ್ರಯೋಜಕವೆ? ಖಂಡಿತ ಅಲ್ಲ. ಶಾಖ ಸಂಗ್ರಹವಾಗಿರುವುದು ಗಾಳಿಯಲ್ಲಲ್ಲ. ಗಾಳಿ ಬರೀ ಸಾಗಿಸುವ ಕೆಲಸ ಮಾಡುತ್ತದೆ. ಬಿಸಿಲನ್ನು ಹಿಡಿಯುವುದು ತಗಡು. ನಡುಹಗಲಿನಲ್ಲಿ ಒಂದು ಚದರ ಮೀಟರ್ ಸೂರಿನ ಮೇಲೆ ಸಾವಿರ ವ್ಯಾಟ್ ಆಸುಪಾಸು ಬಿಸಿಲು ಬೀಳುತ್ತದೆ. ಅದರ ಹೆಚ್ಚಿನ ಪಾಲು ಪ್ರತಿಫಲಿಸಿ, ವಿಕಿರಣವಾಗಿ, ಬೀಸುವ ಗಾಳಿಯೊಡನೆ ಹೊರಗೇ ಹೋದರೂ ಉಳಿದದ್ದು ಸಣ್ಣ ಮೊತ್ತವಲ್ಲ. ಗಾಳಿ ನಿಂತಿದ್ದರೆ ಆ ಶಾಖ ಕೆಳಗಿನ ಕೋಣೆಗೆ ಇಳಿಯುತ್ತದೆ. ಗಾಳಿ ಹರಿದರೆ ನಾವು ಹೇಳಿದಲ್ಲಿಗೆ ಹೋಗುತ್ತದೆ.

ಹರಿಸಲು ಫ್ಯಾನ್ ಕೂಡ ಬೇಕಿಲ್ಲ. ಬಿಸಿಗಾಳಿ ಹಗುರ, ಸೂರಿನ ನೆತ್ತಿಯಲ್ಲೊಂದು, ಅದಕ್ಕಿಂತ ಒಂದೂವರೆ ಮೀಟರ್ ಕೆಳಗೆ ಅಂಚಿನಲ್ಲೊಂದು, ಅರ್ಧ ಮೀಟರ್ ಉದ್ದಗಲದ ಎರಡು ಕಂಡಿಗಳಿದ್ದರೆ, ಹದಿನೈದು ಡಿಗ್ರಿಯ ವ್ಯತ್ಯಾಸವೊಂದೇ ಗಂಟೆಗೆ ಸುಮಾರು 450 ಘನ ಮೀಟರ್ ಗಾಳಿಯನ್ನು ಎಳೆಯಬಲ್ಲದು. ಅದು ಹೊತ್ತೊಯ್ಯುವ ಶಾಖ ಎರಡು ಕಿಲೋವ್ಯಾಟ್, ಅಂದರೆ ಬಚ್ಚಲಮನೆಯ ಗೀಸರಿನ ಸುರುಳಿ ಕೊಡುವಷ್ಟು. ಮಧ್ಯಾಹ್ನ ಮೇಲಿನ ಕಂಡಿಯ ಬಳಿ ಊದುಬತ್ತಿ ಹಿಡಿದು ನೋಡಿ: ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಬಾಗಿ, ತೆಳುವಾಗಿ, ಸರ್ರನೆ ಹೊರಗೆ ಸೆಳೆದುಹೋಗುತ್ತದೆ. ಕಂಡಿಯನ್ನು ಯಾವ ಮೂಲೆಯಲ್ಲಿಡಬೇಕೆಂದು ವಾಸ್ತುವಿನವರನ್ನು ಕೇಳುವ ಬದಲು ಆ ಹೊಗೆಯನ್ನು ಕೇಳುವುದು ಲೇಸು. ಎರಡು ಕಂಡಿಗಳ ನಡುವಿನ ಎತ್ತರ, ಅವುಗಳ ಅಗಲ, ಗಾಳಿ ಬೀಸುವ ದಿಕ್ಕು, ಇವಿಷ್ಟೇ ಇಲ್ಲಿ ಲೆಕ್ಕಕ್ಕೆ ಬರುವುದು.

ಚಿತ್ರದುರ್ಗದ ಕಡೆಯ ಮಾಳಿಗೆ ಮನೆಗಳನ್ನು ಕಟ್ಟಿದವರು ಇದನ್ನು ಚೆನ್ನಾಗಿ ಬಲ್ಲವರು. ಮರದ ತೊಲೆಗಳ ಮೇಲೆ ದಪ್ಪಗೆ ಹಾಸಿದ ಮಣ್ಣು ಮಧ್ಯಾಹ್ನದ ಬಿಸಿಯನ್ನು ಒಳಗಿಳಿಯಲು ಗಂಟೆಗಟ್ಟಲೆ ತಡೆಯುತ್ತಿತ್ತು, ನೆತ್ತಿಯ ಗವಾಕ್ಷಿ ಒಲೆಯ ಹೊಗೆಯನ್ನೂ ಸೆಕೆಯನ್ನೂ ಹೊರಗೆ ಕಳಿಸುತ್ತಿತ್ತು. ಮಣ್ಣಿನ ಜಾಗಕ್ಕೆ ತಗಡು ಬಂದಾಗ ಗವಾಕ್ಷಿಯೂ ಹೋದದ್ದು ನಷ್ಟವೇ ಸರಿ.

ಹೊರಬರುವ ಗಾಳಿಯ ಮೊದಲ ಉಪಯೋಗ ಒಣಗಿಸುವುದು. ಚಳಿದೇಶಗಳಲ್ಲಿ ಅಟ್ಟದ ಗಾಳಿಯನ್ನು ಕೊಳವೆಯಲ್ಲಿ ಕೋಣೆಗಳಿಗೆ ತಂದು ಮನೆ ಬೆಚ್ಚಗಿಡುತ್ತಾರೆ; ನಮಗೆ ಅದು ಬೇಡ. ಆದರೆ 32 ಡಿಗ್ರಿಯಲ್ಲಿ ಶೇಕಡಾ 40ರಷ್ಟು ಸಾಪೇಕ್ಷ ಆರ್ದ್ರತೆಯಿದ್ದ, ಅಂದರೆ ಆ ಬಿಸಿಯಲ್ಲಿ ಹಿಡಿಯಬಲ್ಲ ಆವಿಯ ನೂರರಲ್ಲಿ 40 ಪಾಲನ್ನಷ್ಟೇ ಹೊತ್ತ ಗಾಳಿ 50 ಡಿಗ್ರಿಗೆ ಏರಿದಾಗ, ನೀರಿನ ಆವಿ ಅಷ್ಟೇ ಇದ್ದರೂ, ಆರ್ದ್ರತೆ 15ರ ಹತ್ತಿರಕ್ಕೆ ಕುಸಿಯುತ್ತದೆ. ಇಂಥ ಗಾಳಿ ತೇವವನ್ನು ಬಹಳ ಬೇಗ ಹೀರುತ್ತದೆ. ಮೇಲಿನ ಕಂಡಿಯ ದಾರಿಯಲ್ಲಿ ಜಾಲರಿ ತಟ್ಟೆಗಳನ್ನು ಅಡ್ಡ ಇಟ್ಟರೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಧೂಳಿಲ್ಲದೆ, ಕಾಗೆಗಳ ಕಾಟವಿಲ್ಲದೆ ಒಣಗುತ್ತವೆ. ನೇರ ಬಿಸಿಲು ತಾಗದ ಕಾರಣ ಮೆಣಸಿನಕಾಯಿಯ ಬಣ್ಣವೂ ಮಾಸುವುದಿಲ್ಲ. ಬಿತ್ತನೆಗೆ ತೆಗೆದಿಟ್ಟ ಶೇಂಗಾವನ್ನು ಮಾತ್ರ ಅಲ್ಲಿ ಇಡಕೂಡದು, ಅಷ್ಟು ಬಿಸಿಗೆ ಮೊಳಕೆಯ ಶಕ್ತಿ ಕುಗ್ಗುತ್ತದೆ. ಸೂರು ಕಲ್ನಾರಿನ ಹಾಳೆಯದಾಗಿದ್ದರೆ ತಿನ್ನುವ ಯಾವ ಪದಾರ್ಥವನ್ನೂ ಆ ಗಾಳಿಗೆ ಒಡ್ಡಬಾರದು; ಹಳತಾದ ಹಾಳೆಯಿಂದ ಉದುರುವ ಎಳೆಗಳು ಶ್ವಾಸಕೋಶಕ್ಕೆ ಕೇಡು.

ಎರಡನೆಯದು ಹೀಟ್ ಪಂಪ್. ತಂಪು ಜಾಗದ ಶಾಖವನ್ನು ಬಿಸಿ ಜಾಗಕ್ಕೆ ಎತ್ತಬಹುದೆಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ 1852ರಲ್ಲಿ ತೋರಿಸಿದರು. ಅದೇ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಉಪ್ಪುನೀರು ಇಂಗಿಸಲು ಅದೇ ತತ್ತ್ವದ ಯಂತ್ರ ಕಟ್ಟಿದರು. ಇಂದಿನ ಹೀಟ್ ಪಂಪ್ ಗೀಸರ್ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ನಾಲ್ಕು ಯೂನಿಟ್ ಶಾಖ ಕೊಡುತ್ತದೆ, ಏಕೆಂದರೆ ಉಳಿದದ್ದನ್ನು ಅದು ಗಾಳಿಯಿಂದ ಪಡೆಯುತ್ತದೆ. ಒಳಸೆಳೆಯುವ ಗಾಳಿ ಬೆಚ್ಚಗಿದ್ದಷ್ಟೂ ಶಾಖವನ್ನು ಎತ್ತಬೇಕಾದ ಎತ್ತರ ಕಡಿಮೆ, ವಿದ್ಯುತ್ತೂ ಕಡಿಮೆ. ತಯಾರಕರು ಈ ಗಾಳಿಗೆ ಮೇಲ್ಮಿತಿ ಹಾಕಿರುವುದರಿಂದ ಅಟ್ಟದ ಗಾಳಿಗೆ ಹೊರಗಾಳಿ ಬೆರೆಸಿ ಕೊಡಬೇಕು. ಬರೀ ಬಿಸಿನೀರಷ್ಟೇ ಬೇಕಿದ್ದವರಿಗೆ ಚಾವಣಿಯ ಮೇಲಿನ ಸಾದಾ ಸೋಲಾರ್ ಹೀಟರೇ ಅಗ್ಗ ಎಂಬುದು ನನ್ನ ಅಭಿಪ್ರಾಯ. ಹೀಟ್ ಪಂಪಿನ ಹೆಚ್ಚಿನ ಲಾಭವೆಂದರೆ ಶಾಖ ಕಳೆದುಕೊಂಡು ಹೊರಬರುವ ತಣ್ಣನೆಯ ಗಾಳಿ: ಒಂದು ಕೊಳವೆ ಹಾಕಿ ಅದನ್ನು ಅಡುಗೆಮನೆಗೆ ಬಿಡಬಹುದು, ಮಳೆಗಾಲದಲ್ಲಿ ತಂಪು ಸುರುಳಿಯಿಂದ ತೊಟ್ಟಿಕ್ಕುವ ನೀರಿಗೆ ಮಾತ್ರ ಮರೆಯದೆ ಬೇರೊಂದು ನಳಿಗೆಯನ್ನು ಹೊರಗೆ ಕೊಡಬೇಕಾಗುತ್ತದೆ.